ಮೈಕಿನದಲ್ಲ ತಪ್ಪು
ಲಿನಕ್ಸ್ ಕಂಪ್ಯೂಟರಿನಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ, ರೆಕಾರ್ಡ್ ಮಾಡಹೋದರೆ ಬರೀ ಮೌನ. ಎಲ್ಲರೂ ಬೈಯುವುದು ಮೈಕನ್ನು. ಪಾಪ, ಅದರ ತಪ್ಪು ಅಪರೂಪ. 2003ರ ಕೊನೆಗೆ ಬಂದ 2.6 ಕರ್ನೆಲ್‌ನಿಂದ ಧ್ವನಿಯ ಹೊಣೆ ಆಲ್ಸಾ ಎಂಬ ವ್ಯವಸ್ಥೆಯದು. ಅದರಲ್ಲಿ ಸದ್ದು ಕೇಳಿಸುವ ದಾರಿಯೇ ಬೇರೆ, ಹಿಡಿಯುವ ದಾರಿಯೇ ಬೇರೆ. ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆದರೆ ಮೊದಲು ಕಾಣುವುದು ಕೇಳಿಸುವ ಭಾಗ ಮಾತ್ರ. ಎಫ್4 ಒತ್ತಿ, ಕ್ಯಾಪ್ಚರ್ ಎಂಬಲ್ಲಿಗೆ ಹೋಗಿ, ಅದು ಆಫ್ ಆಗಿದ್ದರೆ ಸ್ಪೇಸ್ ಬಾರ್ ಒತ್ತಬೇಕು. ಅಲ್ಲಿ ಕ್ಯಾಪ್ಚರೇ ಕಾಣದಿದ್ದರೆ ಎಫ್6 ಒತ್ತಿ ಬೇರೆ ಸೌಂಡ್ ಕಾರ್ಡ್ ಆರಿಸಿ. ಯುಎಸ್‌ಬಿ ಮೈಕು ತಾನೇ ಒಂದು ಕಾರ್ಡು. ಪೈಪ್‌ವೈರ್ ಎಂಬ ಧ್ವನಿ ವ್ಯವಸ್ಥೆ ಇರುವ ಹೊಸ ಲಿನಕ್ಸ್‌ಗಳಲ್ಲಿ ಇನ್‌ಪುಟ್ ಆಯ್ಕೆಯನ್ನೂ ನೋಡಬೇಕು. ಮೈಕ್ ಬೂಸ್ಟ್ ಪೂರ್ತಿ ಏರಿಸಿದರೆ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚು. ಇಷ್ಟನ್ನೂ ನೋಡದೆ ಹೊಸ ಮೈಕಿಗೆ ದುಡ್ಡು ಸುರಿಯಬೇಡಿ.