ಸೀಟು ಕೊಟ್ಟವರು ಸೂರಿನ ಲೆಕ್ಕವನ್ನೂ ಕೊಡಲಿ

ವಿದೇಶದಲ್ಲಿ ಓದಲು ಹೋದ ವಿದ್ಯಾರ್ಥಿಗಳು ಬಾಡಿಗೆ ಮನೆ ಹುಡುಕಿಕೊಳ್ಳುವುದು ಅವರವರ ಪಾಡೇ? ಸೀಟು ಕೊಟ್ಟ ವಿಶ್ವವಿದ್ಯಾಲಯಕ್ಕೆ ಅದರಲ್ಲಿ ಹೊಣೆಯಿಲ್ಲವೇ? ಪ್ರಾಯಕ್ಕೆ ಬಂದವರು ತಮ್ಮ ಸೂರನ್ನು ತಾವೇ ನೋಡಿಕೊಳ್ಳಲಿ ಎಂಬ ಮಾತು ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುತ್ತದೆ. ಊರಿನವರಿಗೂ ಹೊಸಬರಿಗೂ ಒಂದೇ ಅವಕಾಶವಿದ್ದರೆ ಅದನ್ನು ಒಪ್ಪಬಹುದಿತ್ತು.

ನಮ್ಮ ಎಂಜಿನಿಯರಿಂಗ್ ಪದವೀಧರರು ಹೋಗುವ ಜರ್ಮನಿಯನ್ನೇ ನೋಡಿ. ವೀಸಾ ಬೇಕಾದರೆ ವರ್ಷದ ಖರ್ಚಿಗೆಂದು 11,904 ಯೂರೊವನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ, ಇಟ್ಟು ತೋರಿಸುವುದು ರೂಢಿ. ತಿಂಗಳಿಗೆ ಕೈಗೆ ಬರುವುದು 992 ಯೂರೊ. ಮ್ಯೂನಿಕ್‌ನಂಥ ನಗರದಲ್ಲಿ ಒಂದು ಕೋಣೆಯ ಬಾಡಿಗೆಯೇ ಅದರ ಬಹುಪಾಲನ್ನು ನುಂಗುತ್ತದೆ. ಮೇಲೆ ಮೂರು ತಿಂಗಳ ಮೂಲ ಬಾಡಿಗೆಯಷ್ಟು ಠೇವಣಿ ಕೇಳಬಹುದು. ಅದನ್ನು ಮೂರು ಕಂತುಗಳಲ್ಲಿ ಕಟ್ಟಲು ಕಾನೂನೇ ಅವಕಾಶ ಕೊಟ್ಟಿದೆ, ಆದರೆ ಹೊಸಬರಿಗೆ ಅದನ್ನು ಹೇಳುವವರು ಕಡಿಮೆ. ಮಾಲೀಕರು 'ಶೂಫಾ' ಎಂಬ ಸಾಲ ಮರುಪಾವತಿಯ ದಾಖಲೆ ಕೇಳುತ್ತಾರೆ. ನಿನ್ನೆ ವಿಮಾನ ಇಳಿದವರು ಅದನ್ನು ಎಲ್ಲಿಂದ ತರಬೇಕು? ಮನೆಗೆ ಹೋದ ಎರಡು ವಾರದೊಳಗೆ ಮಾಲೀಕರ ದೃಢೀಕರಣ ಪತ್ರದೊಂದಿಗೆ ವಿಳಾಸ ನೋಂದಾಯಿಸಬೇಕು. ಆ ನೋಂದಣಿಯಿಲ್ಲದೆ ವಾಸದ ಪರವಾನಗಿಯ ಕೆಲಸ ಸಾಗುವುದು ಕಷ್ಟ. ಹೀಗೆ ಕೋಣೆ ಸಿಗದವರ ಓದೇ ತೂಗುಯ್ಯಾಲೆಗೆ ಬೀಳುತ್ತದೆ.

ವಂಚಕರು ಕಾದು ಕುಳಿತಿರುವುದು ಇಂಥ ಇಕ್ಕಟ್ಟಿಗೇ. 'ನಾನು ಬೇರೆ ದೇಶದಲ್ಲಿದ್ದೇನೆ, ಠೇವಣಿ ಕಳಿಸಿ, ಬೀಗದ ಕೈ ಅಂಚೆಯಲ್ಲಿ ಬರುತ್ತದೆ' ಎನ್ನುತ್ತಾರೆ. ಹೋಗುವ ದುಡ್ಡು ಅಪ್ಪ ಅಮ್ಮ ಮಾಡಿದ ಸಾಲದ್ದು.

ವಿಶ್ವವಿದ್ಯಾಲಯಗಳು ಪಾಠ ಹೇಳಬೇಕೋ, ಮನೆ ಕಟ್ಟಬೇಕೋ ಎಂದು ಕೇಳುವವರಿದ್ದಾರೆ. ಎಲ್ಲರಿಗೂ ಕಟ್ಟಿಕೊಡಿ ಎಂದು ನಾನು ಹೇಳುತ್ತಿಲ್ಲ. ಎಷ್ಟು ಜನರನ್ನು ಕರೆಯುತ್ತೇವೆ, ಊರಿನಲ್ಲಿ ಎಷ್ಟು ಕೋಣೆಗಳಿವೆ ಎಂದು ಲೆಕ್ಕ ಹಾಕಿ ನಿಜ ಹೇಳುವುದು ಅವರ ಕರ್ತವ್ಯ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯ, ಮನೆ ಸಿಗದಿದ್ದರೆ ಬರಬೇಡಿ ಎಂದು ವಿದೇಶಿ ವಿದ್ಯಾರ್ಥಿಗಳಿಗೆ ಹೇಳಿತು. ಕಠಿಣವಾದರೂ ಪ್ರಾಮಾಣಿಕವಾದ ಮಾತು ಅದು. ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕೆನಡಾ ತೋರಿಸಿತು. ವರ್ಷಗಟ್ಟಲೆ ವಿದೇಶಿ ವಿದ್ಯಾರ್ಥಿಗಳ ಶುಲ್ಕದಲ್ಲಿ ಕಾಲೇಜುಗಳು ಬೆಳೆದವು. 2024ರ ಜನವರಿಯಲ್ಲಿ ಸರ್ಕಾರ ವಸತಿಯ ಒತ್ತಡವನ್ನೂ ಕಾರಣವಾಗಿ ಕೊಟ್ಟು ಸ್ಟಡಿ ಪರ್ಮಿಟ್‌ಗಳಿಗೆ ಮಿತಿ ಹಾಕಿತು. ಬಾಡಿಗೆ ಏರಿಸಿದವರೆಂಬ ಅಪವಾದ ಮಾತ್ರ ವಿದ್ಯಾರ್ಥಿಗಳ ತಲೆಗೆ ಬಂತು.

ಸೂರಿಲ್ಲದೆ ಓದಿಲ್ಲ ಎಂಬುದು ಕನ್ನಡ ನಾಡಿಗೆ ಹೊಸ ವಿಚಾರವಲ್ಲ. ಸಿದ್ಧಗಂಗಾ ಮಠದಂಥ ಕಡೆ ಉಚಿತ ಊಟ ವಸತಿ ಇಲ್ಲದಿದ್ದರೆ ಎಷ್ಟೋ ಹಳ್ಳಿ ಮಕ್ಕಳಿಗೆ ಶಾಲೆಯೇ ದಕ್ಕುತ್ತಿರಲಿಲ್ಲ. ಇಲ್ಲಿ ಬಡ ಮಕ್ಕಳ ವಿಷಯದಲ್ಲಿ ಒಪ್ಪಿದ ಸತ್ಯ, ಶುಲ್ಕ ಕಟ್ಟಿ ಕಡಲಾಚೆ ಹೋದವರಿಗೂ ಸಲ್ಲಬೇಕು.

ಪ್ರವೇಶ ಪತ್ರದ ಜೊತೆಗೇ ವಸತಿಯ ನಿಜಸ್ಥಿತಿ, ಸರಾಸರಿ ಬಾಡಿಗೆ, ಬಾಡಿಗೆದಾರರ ಹಕ್ಕುಗಳ ವಿವರ ಕೊಡುವುದನ್ನು ವಿಶ್ವವಿದ್ಯಾಲಯಗಳಿಗೆ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ವಿದ್ಯಾರ್ಥಿಗಳೂ ಹೆತ್ತವರೂ ಶುಲ್ಕ ಕಟ್ಟುವ ಮೊದಲೇ ಕೋಣೆಯ ಬಗ್ಗೆ ಲಿಖಿತ ಉತ್ತರ ಕೇಳಲಿ. ತಾವಾಗಲಿ ನಂಬಿಕಸ್ಥರಾಗಲಿ ಕಣ್ಣಾರೆ ನೋಡದ ಮನೆಗೆ ಒಂದು ರೂಪಾಯಿಯನ್ನೂ ಕಳಿಸದಿರಲಿ.