ಕೈ ಕೆಳಗ ಎಷ್ಟ್ ಮಂದಿ ಅದಾರ? (ಭಾಗ 6)

ಊರಿಗೆ ಬಂದಾಗೆಲ್ಲ ಕೇಳೋ ಪ್ರಶ್ನೆ ಇದು. ವಾಡಿ ಜಂಕ್ಷನ್‌ನಾಗ ಇಳಿದು ರಾವೂರ ಮುಟ್ಟೋದರೊಳಗ ಒಬ್ಬರಾದ್ರೂ ಕೇಳ್ತಾರ: "ತಮ್ಮಾ, ಹದಿನಾಲ್ಕು ವರ್ಷ ಆತಲ್ಲ ನೌಕರಿಗೆ ಸೇರಿ. ನಿನ್ನ ಕೈ ಕೆಳಗ ಎಷ್ಟ್ ಮಂದಿ ಅದಾರ?"

"ಯಾರೂ ಇಲ್ಲ ಕಾಕಾ" ಅಂದ್ರ ಮುಖ ಸಣ್ಣದಾಗ್ತದ. ಪಾಪ, ಹುಡುಗಗ ಇನ್ನೂ ಪ್ರಮೋಷನ್ ಆಗಿಲ್ಲ ಅಂತ.

ನಾನು ಸಾಫ್ಟ್‌ವೇರ್ ಆರ್ಕಿಟೆಕ್ಟ್. ಹತ್ತು ವರ್ಷ ಕೋಡ್ ಬರೆದವರೆಲ್ಲ ಮ್ಯಾನೇಜರ್ ಆಗಲೇಬೇಕು, ಆಗದವರು ಸೋತವರು ಅನ್ನೋದು ನಮ್ಮ ದೇಶದ ಐಟಿಯ ದೊಡ್ಡ ಸುಳ್ಳು. ಚಿತ್ತಾಪುರ, ಸೇಡಂ, ಶಹಾಬಾದ್ ಕಡೆಯಿಂದ ಈಗಷ್ಟೇ ಬೆಂಗಳೂರಿಗೆ ಹೊರಟವರಿಗಾಗಿ ಈ ಭಾಗ. ಅವರ ಮನೆಯವರೂ ಓದಲಿ.

ಫೋಟೋ ನೋಡಿ. ಪಾಲಿಶ್ ಮಷಿನ್ ಮುಂದ ಪೇರಿಸಿಟ್ಟ ನಮ್ಮ ಪರ್ಸಿ. ಯಾರ ಮನೆಗೆ ಹೋಗ್ತದ ಅಂತ ಗೊತ್ತಿಲ್ಲದೇ ಅಳತೆಗೆ ಕೊಯ್ದು ಇಟ್ಟಾರ. ಅಡುಗೆಮನೆ ಮೂಲೆ, ಬಾಗಿಲ ಸಂದಿಗೆ ಬೇಕಾದ ತುಂಡನ್ನ ಮನೆಯಲ್ಲೇ ಮೇಸ್ತ್ರಿ ಕತ್ತರಿಸ್ತಾನ. ಎಲ್ಲರಿಗೂ ಒಂದೇ ಆಗೋದು ಯಾವುದು, ಮನೆಗೊಂದು ಥರ ಬದಲಾಗೋದು ಯಾವುದು ಅಂತ ಮೊದಲೇ ಗೆರೆ ಎಳೆದಿಟ್ಟಾರ. ಸಾಫ್ಟ್‌ವೇರ್‌ನಾಗ ಇದಕ್ಕೇ ಪ್ರಾಡಕ್ಟ್ ಲೈನ್ ಅಂತಾರ. ಡೇವಿಡ್ ಪಾರ್ನಾಸ್ 1976ರಲ್ಲೇ 'ಪ್ರೋಗ್ರಾಮ್ ಕುಟುಂಬ' ಅಂತ ಇದರ ಬಗ್ಗೆ ಬರೆದಿದ್ರು.

ಗೆರೆ ಎಳೀದಿದ್ರ ಏನಾಗ್ತದ? ನಾನೇ ಅನುಭವಿಸೀನಿ. ನನ್ನ ಒಂದು ಹಳೇ ಕಂಪನಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತಿತ್ತು. ಹೊಸ ಗಿರಾಕಿ ಬಂದ್ರ ಹಳೇ ಕೋಡ್ ಕಾಪಿ ಹೊಡಿ, ಹೆಸರು ಬದಲಿಸು, ಕೊಡು. ಹಿಂಗ 11 ಕಾಪಿ ಆದವು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು ನೋಡಿ, ಒಂದೇ ತೆರಿಗೆ ಲೆಕ್ಕವನ್ನ 11 ಕಡೆ ತಿದ್ದಬೇಕಾತು. ಒಂಬತ್ತು ಸರಿ ಮಾಡಿದ್ವಿ. ಎರಡರಾಗ ಒಂದು ಸಾಲು ಬಿಟ್ಟೆ, ಬಿಟ್ಟವನು ನಾನೇ. ಒಬ್ಬ ಅಂಗಡಿಯವರು ಮೂರು ವಾರ ತಪ್ಪು ಬಿಲ್ ಕೊಟ್ರು. ಅವರ ಫೋನ್ ತಗೊಳ್ಳೋಕೆ ಕೈ ನಡುಗ್ತಿತ್ತು.

ಆದ್ರೆ ಮೊದಲ ದಿನವೇ ದೊಡ್ಡ ಪ್ಲಾಟ್‌ಫಾರ್ಮ್ ಕಟ್ಟೋಕೆ ಕೂಡಬ್ಯಾಡ್ರಿ. ಒಂದೆರಡು ಗಿರಾಕಿಗೆ ಕಾಪಿನೇ ಅಗ್ಗ. ಮೂರನೆಯವರು ಬಂದಾಗ ನಿಂತು ಯೋಚಿಸ್ರಿ. ನಾವು ಹನ್ನೊಂದನೆಯವರ ತನಕ ಓಡಿದ್ವಿ, ಅಷ್ಟೇ ತಪ್ಪು.

ಈ ವಿದ್ಯೆಯ ಚೆಂದದ ಉದಾಹರಣೆ ನಿಮ್ಮ ಕೈಯಾಗೇ ಅದ. ನೀವೀಗ ಓದ್ತಿರೋ ಕನ್ನಡ! ಭಾರತದ ಲಿಪಿಗಳಿಗಾಗಿ ಇಸ್ಕೀ ಅನ್ನೋ ಮಾನಕ ಮಾಡಿದ್ರು, 1991ರಲ್ಲಿ ಪಕ್ಕಾ ಆತು. ಲಿಪಿ ಬೇರೆ ಇದ್ರೂ ಅಕ್ಷರಗಳ ಜಾಗ ಒಂದೇ. ಯೂನಿಕೋಡ್ ಅದೇ ಜೋಡಣೆ ತಗೊಂತು. ಕನ್ನಡದ 'ಕ' 3221ನೇ ಸಂಖ್ಯೆ, ತೆಲುಗಿನ 'ಕ' 3093. ವ್ಯತ್ಯಾಸ 128. 'ಗ' ತಗೊಳ್ರಿ, 'ಮ' ತಗೊಳ್ರಿ, ಅದೇ 128. ಸೇಡಂ ದಾಟಿ ತಾಂಡೂರಿಗೆ ಹೋದಂಗ, ಪಕ್ಕದ ಮನೆ. ತಮಿಳಿನಲ್ಲಿ ಖ, ಗ, ಘ ಇಲ್ಲ. ಆ ಮೂರು ಜಾಗ ಖಾಲಿ ಬಿಟ್ಟಾರ. ಸಾಮಾನ್ಯ ಜೋಡಣೆ ಕೆಡಲಿಲ್ಲ, ತಮಿಳಿಗೆ ಇಲ್ಲದ ಅಕ್ಷರ ತುರುಕಲೂ ಇಲ್ಲ.

ಆದ್ರೆ ಇಂಥ ಗೆರೆ ಒಮ್ಮೆ ಎಳೆದ್ರ ಅಳಿಸೋದು ಕಷ್ಟ. ಹಳಗನ್ನಡದ ೞ ಅಕ್ಷರಕ್ಕ ಯೂನಿಕೋಡ್‌ನಾಗ 'ಫ' ಅಂತ ತಪ್ಪು ಹೆಸರು ಬಿದ್ದದ. ತಪ್ಪು ಅಂತ ಅವರೇ ಒಪ್ಕೊಂಡಾರ, ಆದ್ರ ಹೆಸರು ಬದಲಿಸಬಾರದು ಅನ್ನೋ ನಿಯಮ. ಕವಿರಾಜಮಾರ್ಗ ಹುಟ್ಟಿದ ಮಳಖೇಡ ನಮ್ಮ ಪಕ್ಕದಾಗೇ ಅದ, ಆ ಕಾಲದ ಅಕ್ಷರಕ್ಕ ಈ ಗತಿ! ನಗಬೇಕೋ ಅಳಬೇಕೋ. ಮೀಟಿಂಗ್‌ನಾಗ ನಾನು "ಇನ್ನೊಂದು ದಿನ ಕೊಡ್ರಿ, ಯೋಚಿಸ್ತೀನಿ" ಅಂದಾಗ ಮಂದಿ ಬೈತಾರ. ಬೈಲಿ.

2018ರಲ್ಲಿ ನನಗೂ ಮ್ಯಾನೇಜರ್ ಹುದ್ದೆ ಬಂದಿತ್ತು. 11 ಕಾಪಿ ಒಂದು ಮಾಡೋ ಕೆಲಸ ಅರ್ಧ ಆಗಿತ್ತು, ಬ್ಯಾಡ ಅಂದೆ. ಆ ವರ್ಷ ಪಗಾರ ಹೆಚ್ಚಾಗಲಿಲ್ಲ. ಊರ ಮನೆಯ ಮೇಲಿನ ಕೋಣೆ ಎರಡು ವರ್ಷ ಹಂಗೇ ನಿಂತ್ತು, ಅವ್ವ ಈಗಲೂ ಎತ್ತಿ ಆಡ್ತಾಳ. ಅವಳ ಸಿಟ್ಟು ಖರೇನೇ. ನೀವು ಈ ದಾರಿ ಹಿಡಿಯೋದಾದ್ರ ಹಿಂಥ ಲೆಕ್ಕ ಮೊದಲೇ ಹಾಕ್ರಿ, ನಾನು ಹಾಕಿರಲಿಲ್ಲ. ಇನ್ನೊಂದು: ಆರ್ಕಿಟೆಕ್ಟ್ ಅಂತ ಹೆಸರು ಬಂದ ಮೇಲೆ ಬರೀ ಚೌಕ, ಬಾಣ ಬರೀತಾ ಕೂತವರ ಡಿಸೈನ್ ನಾನು ನಂಬೋದಿಲ್ಲ. ವಾರಕ್ಕ ಎರಡು ದಿನಾನಾದ್ರೂ ಕೋಡ್ ಮುಟ್ರಿ.

ಮ್ಯಾನೇಜರ್‌ಗಳು ಬೇಕು. ಒಳ್ಳೆಯವರು ಸಿಗೋದೇ ಅಪರೂಪ. ಮನಸಿದ್ದವರು ಖಂಡಿತ ಆಗ್ರಿ. ಕಾಕಾನ ಪ್ರಶ್ನೆಗೆ ಅಂಜಿ ಆಗಬ್ಯಾಡ್ರಿ.

ಹೋದ ದೀಪಾವಳಿಗೆ ಕಾಕಾ ಮತ್ತೆ ಕೇಳಿದ್ರು. ಈ ಸಲ ಪರ್ಸಿ ತೋರಿಸಿ ಎಲ್ಲ ಹೇಳಿದೆ. ಪೂರ್ತಿ ಕೇಳಿ, "ಹಂಗಾದ್ರ ಅಳತಿ ಹಾಕೋ ಮನುಷ್ಯಾ ನೀ" ಅಂದ್ರು. ಆಮ್ಯಾಲೆ, "ಅವನ ಕೈ ಕೆಳಗೂ ಇಬ್ಬರು ಇರ್ತಾರಲ್ಲೋ."

ಭಾಗ 7: ಇಂಟರ್‌ವ್ಯೂದಾಗ ಡಿಸೈನ್ ಪ್ರಶ್ನೆ ಕೇಳಿದ್ರ ಮೊದಲ ಐದು ನಿಮಿಷ ಏನ್ ಮಾಡ್ಬೇಕು.

#ರಾವೂರ #ಕಲಬುರಗಿಹುಡುಗರು #ಸಾಫ್ಟ್‌ವೇರ್‌ಕನ್ನಡದಾಗ