ಕಂಪ್ಯೂಟರಿಗೂ ಬೇಕು ಬೋರ್ಡೋ ಕೈಪಿಡಿ

ಮುಂಗಾರು ಇಳಿಯುವ ಮುನ್ನ ಬಾಳೆಹೊನ್ನೂರಿನ ಸುತ್ತಮುತ್ತ ಯಾವ ತೋಟಕ್ಕೆ ಹೋದರೂ ಮೈಲುತುತ್ತದ ನೀಲಿ ಕಣ್ಣಿಗೆ ಬೀಳುತ್ತದೆ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ, ಕಾಫಿಯ ಎಲೆತುಕ್ಕು ರೋಗಕ್ಕೆ ಶೇಕಡಾ 0.5ರದು. ಅಡಿಕೆಗಾದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಲೆಕ್ಕ ಇಷ್ಟೇ. ಆದರೆ ಒಳ್ಳೆಯ ಕೃಷಿ ಕೈಪಿಡಿ ಇಷ್ಟಕ್ಕೇ ನಿಲ್ಲುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ 50 ಲೀಟರ್ ನೀರಿನಲ್ಲಿ ಕಲಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ, ಅದಲುಬದಲು ಮಾಡಬೇಡಿ. ಕಬ್ಬಿಣದ ಪಾತ್ರೆ ಬೇಡ. ಕೊನೆಗೆ ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ, ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೆರೆಸಿ ಎನ್ನುತ್ತದೆ. ಕಬ್ಬಿಣವು ತಾಮ್ರವನ್ನು ಹೊರದಬ್ಬಿ ಅದರ ಸ್ಥಾನವನ್ನು ತಾನು ಹಿಡಿಯುವ ಈ ಕ್ರಿಯೆ ಹತ್ತನೇ ತರಗತಿಯ ಮಕ್ಕಳಿಗೆ ಗೊತ್ತಿದ್ದದ್ದೇ. ಹೀಗೆ ಉಳಿದ ತಾಮ್ರ ಎಲೆಯನ್ನು ಸುಡುತ್ತದೆ. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ತೆರೆದ ಕಾಫಿ ಪ್ರಯೋಗ ಕೇಂದ್ರ, ಅಂದರೆ ಈಗಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಬೆಳೆಗಾರರಿಗೆ ಮಾಡಿದ ಉಪಕಾರದಲ್ಲಿ ಇಂಥ ವಿವರಗಳನ್ನು ತಿಳಿಯುವಂತೆ ಹೇಳಿದ್ದೂ ಸೇರಿದೆ.

ಇದೇ ಊರಿನ ಹುಡುಗ ಎಂಜಿನಿಯರಿಂಗ್ ಓದಲು ಹೋಗಿ ಕಂಪ್ಯೂಟರಿನ ಮುಂದೆ ಕೂತಾಗ ಕೈಗೆ ಸಿಗುವ ಕೈಪಿಡಿಗಳು ಹೀಗಿರುವುದು ಅಪರೂಪ. ತಂತ್ರಾಂಶವನ್ನು ಮೂಲ ಸಂಕೇತದಿಂದ ಕಟ್ಟಿಕೊಳ್ಳುವುದಕ್ಕೆ ‘ಬಿಲ್ಡ್’ ಎನ್ನುತ್ತಾರೆ. ಕಟ್ಟುವ ಮೊದಲು ಏನು ಬೇಕು, ಏನು ಬೇಡ ಎಂದು ಒಂದು ಕಡತದಲ್ಲಿ ಬರೆದಿಡಬೇಕು. ಯಾವ ಕಡತ, ಹೇಗೆ ಬರೆಯಬೇಕು ಎಂಬಲ್ಲಿಯೇ ಎಡವಟ್ಟು.

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮನ್ನು ನೋಡೋಣ. 1993ರಲ್ಲಿ ಹುಟ್ಟಿದ್ದು, ಉಚಿತ. ಮನೆಯಲ್ಲಿ ನೆಟ್‌ಫ್ಲಿಕ್ಸ್ ನೋಡುವವರಿಗೆ ಸಿನಿಮಾ ಕಳಿಸುವ ಸರ್ವರುಗಳಲ್ಲಿರುವುದೂ ಇದೇ. ಇದರಲ್ಲಿ ಎರಡು ಕಡತಗಳಿವೆ. ‘ಮೇಕ್.ಕಾನ್ಫ್’ನಲ್ಲಿ ಬರೆದದ್ದು ಆ ಯಂತ್ರದಲ್ಲಿ ಮೇಕ್ ಮೂಲಕ ಕಟ್ಟುವ ಎಲ್ಲದಕ್ಕೂ ಅನ್ವಯ. ‘ಎಸ್‌ಆರ್‌ಸಿ.ಕಾನ್ಫ್’ನಲ್ಲಿ ಬರೆದದ್ದು ಮೂಲ ವ್ಯವಸ್ಥೆಗೆ ಮಾತ್ರ. ಗೊತ್ತಿಲ್ಲದೆ ಮೊದಲನೆಯದರಲ್ಲಿ ಬರೆದರೆ, ಮನೆಯ ಸಾರಿಗೆಂದು ಹಾಕಿದ ಉಪ್ಪು ಊರಿನ ಪಾತ್ರೆಗಳಿಗೆಲ್ಲ ಬಿದ್ದಂತೆ.

ಇದಕ್ಕಿಂತ ಸ್ವಾರಸ್ಯದ್ದು ಇನ್ನೊಂದು. ಬ್ಲೂಟೂತ್ ಸೌಲಭ್ಯ ಬೇಡವಾದರೆ ‘ವಿತೌಟ್_ಬ್ಲೂಟೂತ್’ ಎಂದು ಬರೆಯಬೇಕು. ಬೇಕೆನ್ನುವ ಹುಡುಗ ‘ವಿತೌಟ್_ಬ್ಲೂಟೂತ್=ನೋ’ ಎಂದು ಬರೆಯುತ್ತಾನೆ. ಅವನ ಇಂಗ್ಲಿಷ್ ಸರಿಯಾಗಿಯೇ ಇದೆ, ತರ್ಕವೂ ಸರಿ. ಆದರೂ ಬ್ಲೂಟೂತ್ ಮಾಯ! ಏಕೆಂದರೆ ಯಂತ್ರ ಬರೀ ಹೆಸರು ಇದೆಯೇ ಎಂದು ನೋಡುತ್ತದೆ, ಎದುರಿಗೆ ಬರೆದ ‘ನೋ’ ಎಂಬುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೋಟೆಲಿನಲ್ಲಿ ‘ಸಕ್ಕರೆ ಇಲ್ಲದ ಕಾಫಿ’ ಎಂಬ ಚೀಟಿ ಬಂದರೆ ಸಾಕು, ಪಕ್ಕದಲ್ಲಿ ‘ಅಲ್ಲ’ ಎಂದು ಬರೆದಿದ್ದರೂ ಅಡುಗೆಯವನು ಸಕ್ಕರೆ ಹಾಕದೆ ಕಳಿಸಿದ ಹಾಗೆ. ಕೈಪಿಡಿಯಲ್ಲಿ ಈ ಮಾತು ಇಲ್ಲದಿಲ್ಲ, ಸ್ಪಷ್ಟವಾಗಿಯೇ ಇದೆ. ಆದರೆ ಅದು ಉದ್ದನೆಯ ಪಟ್ಟಿಯ ಆರಂಭದಲ್ಲಿದೆ. ಹುಡುಗ ಓದುವುದು ನಡುವಿನ ತನಗೆ ಬೇಕಾದ ಎರಡು ಸಾಲು. ಎಚ್ಚರಿಕೆ ಇರಬೇಕಾದದ್ದು ಕಾಲು ಜಾರುವ ಜಾಗದಲ್ಲಿ.

ಕೆಲವು ಕಟ್ಟಳೆಗಳು ಕಣ್ಣಿಗೂ ಕಾಣಿಸುವುದಿಲ್ಲ. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಬರೆದಾಗ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕೆಂದು ಇಟ್ಟರು. ಅದು ಸರಿಯಲ್ಲ ಎನ್ನಿಸುವ ಹೊತ್ತಿಗೆ ಸುಮಾರು ಹನ್ನೆರಡು ಮಂದಿ ಬಳಕೆದಾರರಿದ್ದರು, ಅವರಿಗೆ ತೊಂದರೆಯಾಗಬಾರದೆಂದು ಹಾಗೆಯೇ ಬಿಟ್ಟರು. ಆ ಹನ್ನೆರಡು ಮಂದಿಯ ದಾಕ್ಷಿಣ್ಯಕ್ಕೆ ಇಂದಿಗೂ ಮಕ್ಕಳು ಟ್ಯಾಬ್ ಬದಲು ಎಂಟು ಸ್ಪೇಸ್ ಒತ್ತಿ ತಲೆ ಚಚ್ಚಿಕೊಳ್ಳುತ್ತಾರೆ.

ಪಾಲಕರು ಗಮನಿಸಬೇಕಾದದ್ದು ಇಲ್ಲಿದೆ. ಸಾಧಾರಣ ಕಂಪ್ಯೂಟರಿನಲ್ಲಿ ಇಡೀ ವ್ಯವಸ್ಥೆ ಕಟ್ಟಲು ಗಂಟೆಗಟ್ಟಲೆ ಬೇಕು. ರಾತ್ರಿಯಿಡೀ ಕಾದು ಬೆಳಿಗ್ಗೆ ನೋಡಿದರೆ ಬೇಕಾದದ್ದೇ ಇಲ್ಲ. ಎರಡು ಸಲ ಹೀಗಾದರೆ ಹಳ್ಳಿ ಶಾಲೆಯಿಂದ ಬಂದ ಮಗು ತಾನೇ ದಡ್ಡ ಎಂದುಕೊಳ್ಳುತ್ತದೆ, ಕೈಪಿಡಿಯನ್ನು ಅನುಮಾನಿಸುವುದಿಲ್ಲ. ಚಾಕು ಅದ್ದಿ ನೋಡುವ ಉಪಾಯ ಇಲ್ಲಿಯೂ ಇದೆ: ಕಟ್ಟುವ ಮೊದಲು ‘ಮೇಕ್ ಶೋಕಾನ್ಫಿಗ್’ ಎಂಬ ಆಜ್ಞೆ ಕೊಟ್ಟರೆ ಯಾವುದು ಬೇಕು, ಯಾವುದು ಬೇಡ ಎಂದು ಯಂತ್ರ ಅರ್ಥ ಮಾಡಿಕೊಂಡಿದೆ ಎಂಬುದನ್ನು ಅದೇ ಪಟ್ಟಿ ಮಾಡಿ ತೋರಿಸುತ್ತದೆ. ಕೆಲವೇ ಕ್ಷಣದ ಕೆಲಸ.

ಕೈಪಿಡಿ ತಿದ್ದುವುದೂ ದೊಡ್ಡವರ ಸೊತ್ತೇನಲ್ಲ. ಫ್ರೀಬಿಎಸ್‌ಡಿಯಲ್ಲಿ ಇಂಥ ಒಂದೊಂದು ಆಯ್ಕೆಗೂ ಒಂದೊಂದು ಪುಟ್ಟ ವಿವರಣೆಯ ಕಡತವಿದೆ, ಕೆಲವಂತೂ ಎರಡೇ ಸಾಲು. ಅವುಗಳನ್ನೆಲ್ಲ ಒಂದು ಪುಟ್ಟ ಪ್ರೋಗ್ರಾಂ ಪೋಣಿಸಿ ಕೈಪಿಡಿಯ ಪುಟ ಮಾಡುತ್ತದೆ. ಎಡವಿದ ವಿದ್ಯಾರ್ಥಿ ತಾನು ಎಡವಿದ ಜಾಗವನ್ನು ಎರಡು ಸಾಲಿನಲ್ಲಿ ಬರೆದು ಕಳಿಸಬಹುದು. ಒಪ್ಪಿಗೆಯಾದರೆ ಜಗತ್ತಿನ ಎಲ್ಲರ ಕೈಪಿಡಿಗೂ ಅದು ಸೇರುತ್ತದೆ. ಆ ಎರಡು ಸಾಲಿಗೆ ಮಗ ಎರಡು ದಿನ ಕೂತರೆ ಮನೆಯವರು ಗೊಣಗಬಾರದು.